ಭೂಗೋಳದ ತಂತ್ರಾಂಶಗಳನ್ನು ಯಾವ ವಿಭಾಗಕ್ಕೆ ಹಾಕೋಣ?

ಮಾಟುಂಗಾ_ಮಾಣಿ
ನಮ್ಮ ಮುಕ್ತ ತಂತ್ರಾಂಶ ಸಂಗ್ರಹದ ಪಟ್ಟಿಯನ್ನು ಹೊಸದಾಗಿ ಜೋಡಿಸುತ್ತಿದ್ದೇವೆ. ಮುಂಬೈ, ಪುಣೆ, ಗೋವಾದ ಕನ್ನಡ ಮಕ್ಕಳಿಗೆ ಹಾರ್ಡ್‌ಡಿಸ್ಕಿಗೆ ತುಂಬಿ ಕೊಡುತ್ತೇವಲ್ಲ, ಅದೇ. ಸಂಗೀತ, ಆಟ, ಕಚೇರಿ ಎಲ್ಲ ಸಲೀಸಾಗಿ ಮುಗಿಯಿತು. ಭೂಗೋಳದ ಹತ್ತಿರ ಬಂದಾಗ ಗಾಡಿ ನಿಂತಿದೆ.

ಈಗ ಹೇಗಿದೆ ನೋಡಿ. ನಕ್ಷೆ ಮಾಡುವ ಕ್ಯೂಜಿಐಎಸ್ ‘ವಿಜ್ಞಾನ’ದಲ್ಲಿದೆ. ಪರದೆಯ ಮೇಲೆ ಗ್ಲೋಬ್ ತೋರಿಸುವ ಮಾರ್ಬಲ್ ಮತ್ತು ನಕ್ಷೆಯ ರಸಪ್ರಶ್ನೆ ಕೇಳುವ ಕೆಜಿಯಾಗ್ರಫಿ ‘ಶಿಕ್ಷಣ’ದಲ್ಲಿವೆ. ಜಿಪಿಎಸ್ ಕಡತಗಳ ರೂಪ ಬದಲಿಸುವ ಜಿಪಿಎಸ್‌ಬೇಬೆಲ್ ‘ಸಲಕರಣೆ’ಯಲ್ಲಿ. ಎಲ್ಲರೂ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ತಿದ್ದುವ ಜೆಒಎಸ್‌ಎಂ ‘ಇಂಟರ್ನೆಟ್’ನಲ್ಲಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಸ್ಥಳದ ಮಾಹಿತಿ ಇಡೋದಕ್ಕೆ ಬಳಸುವ ಪೋಸ್ಟ್‌ಜಿಐಎಸ್ ‘ಡೇಟಾಬೇಸ್’ನಲ್ಲಿ. ಜಿಪಿಎಸ್ ಸಾಧನದ ಮಾಹಿತಿ ಓದಿ ಕೊಡುವ ಜಿಪಿಎಸ್‌ಡಿ ‘ಇತರೆ’ಯಲ್ಲಿ ಬಿದ್ದಿದೆ. ಒಬ್ಬ ವಿದ್ಯಾರ್ಥಿ ಫೋನ್ ಮಾಡಿ, ನಕ್ಷೆ ಮಾಡುವ ಸಾಫ್ಟ್‌ವೇರ್ ಒಂದೂ ಇಟ್ಟಿಲ್ಲ ಯಾಕೆ ಅಂತ ಕೇಳಿದ. ಇದ್ದವು, ಅವನಿಗೆ ಸಿಕ್ಕಿರಲಿಲ್ಲ ಅಷ್ಟೇ.

ಪ್ರಶ್ನೆ: ‘ಭೂಗೋಳ’ ಅಂತ ಹೊಸ ವಿಭಾಗ ತೆರೆಯೋಣವಾ? ತೆರೆದರೆ ಒಳಗೆ ಯಾವುದು, ಹೊರಗೆ ಯಾವುದು?

ನೆರೂಳ್_ನಾಣಿ
ತೆರೀರಿ. ಇದರಲ್ಲಿ ಕೇಳೋದೇನಿದೆ?

ಠಾಣೆ_ಸ್ಲೋ
ಬೇಡ. ಇವತ್ತು ಭೂಗೋಳ, ನಾಳೆ ಇತಿಹಾಸ, ನಾಡಿದ್ದು ಸಸ್ಯಶಾಸ್ತ್ರ. ಹಿಂದಿನ ಪಟ್ಟಿಯಲ್ಲಿ ‘ಜ್ಯೋತಿಷ್ಯ’ ಅಂತ ಒಂದು ವಿಭಾಗ ಇತ್ತು, ಒಳಗೆ ಇದ್ದದ್ದು ಒಂದೇ ಪಂಚಾಂಗ. ವಿಭಾಗ ಜಾಸ್ತಿಯಾದಷ್ಟೂ ಹುಡುಕುವವನಿಗೆ ತಲೆನೋವು ಜಾಸ್ತಿ. ಎಲ್ಲವನ್ನೂ ವಿಜ್ಞಾನಕ್ಕೆ ಹಾಕಿ ಕೈತೊಳೆದುಕೊಳ್ಳಿ. ಈ ಜಿಐಎಸ್ ಅನ್ನೋದು, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆಯ ಮಾಹಿತಿ ಸಂಭಾಳಿಸೋದು, ಈಗಿನ ಫ್ಯಾಷನ್, ಅದಕ್ಕೆ ಪ್ರತ್ಯೇಕ ಪೀಠ ಬೇಕಾಗಿಲ್ಲ.

ಪವಾಯಿ_ಪುಟ್ಟ
ಫ್ಯಾಷನ್ನಾ? ಗ್ರಾಸ್ ಜಿಐಎಸ್ ಅನ್ನುವ ತಂತ್ರಾಂಶದ ಕೆಲಸ ಶುರುವಾಗಿದ್ದು 1982ರಲ್ಲಿ, ಅಮೆರಿಕದ ಸೈನ್ಯದ ಒಂದು ಕಟ್ಟಡ ಸಂಶೋಧನಾ ಪ್ರಯೋಗಾಲಯದಲ್ಲಿ. ನಿಮ್ಮ ‘ಕಚೇರಿ’ ವಿಭಾಗದಲ್ಲಿರುವ ಎಲ್ಲದಕ್ಕಿಂತ ಹಳೆಯದು ಅದು. ಕ್ಯೂಜಿಐಎಸ್ ಕೂಡ 2002ರದ್ದು. ನಮ್ಮ ಸಂಗ್ರಹದಲ್ಲಿರುವ ಅರ್ಧಕ್ಕರ್ಧ ಆಟಗಳಿಗೆ ಅಷ್ಟು ವಯಸ್ಸಿಲ್ಲ.

ಠಾಣೆ_ಸ್ಲೋ
ವಯಸ್ಸಿಗೂ ವಿಭಾಗಕ್ಕೂ ಏನು ಸಂಬಂಧ ಪುಟ್ಟ? ಹಳೆಯದಾದರೆ ವಿಜ್ಞಾನದೊಳಗೆ ಇರಬಾರದಾ?

ಕೋಥ್ರೂಡ್_ಕಿಟ್ಟಿ
ಜಗಳಕ್ಕೆ ಮುಂಚೆ ಬೇರೆಯವರು ಏನು ಮಾಡಿದ್ದಾರೆ ನೋಡೋಣ. ಫ್ರೀಬಿಎಸ್‌ಡಿ, ಡೆಬಿಯನ್ ಥರದ ಮುಕ್ತ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಎಲ್ಲರಿಗೂ ಈ ತಲೆನೋವು ಬಂದಿದೆ.

ಫ್ರೀಬಿಎಸ್‌ಡಿಯವರದ್ದು ತಮಾಷೆಯಾಗಿದೆ. ಅಲ್ಲಿ ಭೂಗೋಳ ಅನ್ನುವ ವಿಭಾಗ ಇದೆ, ಫೋಲ್ಡರ್ ಮಾತ್ರ ಇಲ್ಲ. ವರ್ಚುವಲ್ ವಿಭಾಗ ಅನ್ನುತ್ತಾರೆ. ಕ್ಯೂಜಿಐಎಸ್, ನಕ್ಷೆಯ ಕಡತ ಓದಿ ಬದಲಿಸುವ ಜಿಡಿಎಎಲ್, ಅಕ್ಷಾಂಶ ರೇಖಾಂಶವನ್ನು ನಕ್ಷೆಯ ಅಳತೆಗೆ ತರುವ ಪ್ರಾಜ್ ಎಲ್ಲ ಕೂತಿರುವುದು ಗ್ರಾಫಿಕ್ಸ್ ಫೋಲ್ಡರಿನಲ್ಲಿ. ಪೋಸ್ಟ್‌ಜಿಐಎಸ್ ಡೇಟಾಬೇಸ್ ಫೋಲ್ಡರಿನಲ್ಲಿ. ಜಿಪಿಎಸ್‌ಡಿ, ಜಿಪಿಎಸ್‌ಬೇಬೆಲ್, ಜೆಒಎಸ್‌ಎಂ, ಮಾರ್ಬಲ್ ಇವೆಲ್ಲ ಎಲ್ಲಿವೆ ಗೊತ್ತಾ? ಖಗೋಳದಲ್ಲಿ! ಪ್ರತಿಯೊಂದರ ಕಡತದಲ್ಲಿ ವಿಭಾಗಗಳ ಒಂದು ಸಾಲು ಇರುತ್ತದೆ. ಸಾಲಿನ ಮೊದಲ ಹೆಸರೇ ಫೋಲ್ಡರ್. ಅದರ ಮುಂದೆ ಎಷ್ಟು ವಿಭಾಗ ಬೇಕಾದರೂ ಬರೆಯಬಹುದು, ಭೂಗೋಳವೂ ಅಲ್ಲೇ ಬರುತ್ತದೆ.

ಓಪನ್‌ಬಿಎಸ್‌ಡಿಯವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ‘ಜಿಯೋ’ ಅಂತ ಒಂದು ಫೋಲ್ಡರ್ ತೆರೆದು ಎಲ್ಲವನ್ನೂ ಒಳಗೆ ತಳ್ಳಿದರು. ನೆಟ್‌ಬಿಎಸ್‌ಡಿಯವರ ತಂತ್ರಾಂಶ ಸಂಗ್ರಹ ಪಿಕೆಜಿಎಸ್‌ಆರ್‌ಸಿಯಲ್ಲೂ ಭೂಗೋಳಕ್ಕೆ ಸ್ವಂತ ಫೋಲ್ಡರ್ ಇದೆ. ಜೆಂಟೂದವರು ವಿಜ್ಞಾನದ ಕೆಳಗೆ ಭೂವಿಜ್ಞಾನ ಅಂತ ಮಾಡಿ ಕ್ಯೂಜಿಐಎಸ್, ಜೆಒಎಸ್‌ಎಂ, ಜಿಪಿಎಸ್‌ಡಿ ಅಲ್ಲಿಟ್ಟಿದ್ದಾರೆ, ಆದರೆ ಜಿಡಿಎಎಲ್ ಥರದ ಲೈಬ್ರರಿಗಳನ್ನು (ಬೇರೆ ಪ್ರೋಗ್ರಾಮುಗಳು ಒಳಗೊಳಗೆ ಬಳಸುವಂಥವು) ಬೇರೆ ಕಡೆ. ಡೆಬಿಯನ್‌ನಲ್ಲಿ ಕ್ಯೂಜಿಐಎಸ್ ವಿಜ್ಞಾನದಲ್ಲಿದೆ.

ಅಂದರೆ ಠಾಣೆ ಅವರ ಪಕ್ಷಕ್ಕೂ ಉದಾಹರಣೆ ಇದೆ, ಮಾಣಿ ಪಕ್ಷಕ್ಕೂ ಇದೆ.

ನೆರೂಳ್_ನಾಣಿ
ಜಿಪಿಎಸ್ ಖಗೋಳದಲ್ಲಾ 😂 ಸಯನ್ ಸರ್ಕಲ್‌ನಲ್ಲಿ ದಾರಿ ತಪ್ಪಿದರೆ ನಕ್ಷತ್ರ ನೋಡಬೇಕೇನೋ.

ಪವಾಯಿ_ಪುಟ್ಟ
ನಗಬೇಡಿ, ಅದರಲ್ಲೂ ತರ್ಕ ಇದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಎಲ್ಲಿಂದ ಸಿಗ್ನಲ್ ಬರುತ್ತದೆ ಅಂತ ನೋಡಿದರೆ ಆಕಾಶ, ಯಾತಕ್ಕೆ ಬಳಸುತ್ತೀರಿ ಅಂತ ನೋಡಿದರೆ ಭೂಮಿ. ನಮಗೆ ಎರಡನೆಯದು ಮುಖ್ಯ.

ಠಾಣೆ_ಸ್ಲೋ
ಸರಿ, ಯಾತಕ್ಕೆ ಬಳಸುತ್ತೇವೆ ಅನ್ನೋದೇ ಮುಖ್ಯ ಅಂದಿರಿ. ಹಾಗಾದರೆ ಪೋಸ್ಟ್‌ಜಿಐಎಸ್ ಯಾಕೆ ಭೂಗೋಳ? ಅದನ್ನು ಹಾಕಿಕೊಳ್ಳುವವನು ಪೋಸ್ಟ್‌ಗ್ರೆಸ್ ಬಲ್ಲವನು. ಅವನು ಡೇಟಾಬೇಸ್ ವಿಭಾಗಕ್ಕೇ ಬರುತ್ತಾನೆ. ಜೆಒಎಸ್‌ಎಂ ಬಳಸುವವನು ಎಡಿಟರ್ ಹುಡುಕುತ್ತಾನೆ. ನಿಮ್ಮ ನಿಯಮ ಹಿಡಿದು ಹೊರಟರೆ ಭೂಗೋಳ ವಿಭಾಗದಲ್ಲಿ ಏನೂ ಉಳಿಯುವುದಿಲ್ಲ.

ಹಡಪ್ಸರ್_ಹುಡುಗಿ
ನಾನು ದಿನಾ ಇದರಲ್ಲೇ ಕೆಲಸ ಮಾಡುವವಳು, ಸ್ವಲ್ಪ ಹೇಳುತ್ತೇನೆ.

ಠಾಣೆ ಅವರೇ, ನಕ್ಷೆಯ ಕೆಲಸ ಒಂದೇ ಪ್ರೋಗ್ರಾಮಿನಲ್ಲಿ ಮುಗಿಯುವುದಿಲ್ಲ. ಬೆಳಿಗ್ಗೆ ಫೋನಿನಿಂದ, ಓಡಾಡಿದ ಹಾದಿ ದಾಖಲಾದ ಜಿಪಿಎಕ್ಸ್ ಕಡತ ಬರುತ್ತದೆ. ಜಿಪಿಎಸ್‌ಬೇಬೆಲ್‌ನಲ್ಲಿ ಬದಲಿಸುತ್ತೇನೆ. ಕ್ಯೂಜಿಐಎಸ್‌ನಲ್ಲಿ ತೆರೆಯುತ್ತೇನೆ. ಕಣಿವೆ, ನೀರು ಹರಿಯುವ ದಿಕ್ಕು ತೆಗೆಯಬೇಕು ಅಂದರೆ ಕ್ಯೂಜಿಐಎಸ್ ಒಳಗಿನಿಂದಲೇ ಗ್ರಾಸ್ ಓಡಿಸುತ್ತೇನೆ. ದೊಡ್ಡದಾದರೆ ಪೋಸ್ಟ್‌ಜಿಐಎಸ್‌ಗೆ ತುಂಬುತ್ತೇನೆ. ರಸ್ತೆ ತಪ್ಪಿದ್ದರೆ ಜೆಒಎಸ್‌ಎಂ ತೆಗೆದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೇ ಸರಿ ಮಾಡುತ್ತೇನೆ. ಹೊಸದಾಗಿ ಬಂದವನಿಗೆ ಇವು ಒಂದಕ್ಕೊಂದು ಜೋಡಿ ಅಂತಲೇ ಗೊತ್ತಿರುವುದಿಲ್ಲ. ಒಂದೇ ಕಡೆ ಕಂಡರೆ ತಾನಾಗಿ ಗೊತ್ತಾಗುತ್ತದೆ. ಐದು ವಿಭಾಗದಲ್ಲಿ ಹಂಚಿ ಹಾಕಿದರೆ ಕ್ಯೂಜಿಐಎಸ್ ಮಾತ್ರ ತೆಗೆದುಕೊಂಡು ಹೋಗಿ, ಆಮೇಲೆ ಒದ್ದಾಡುತ್ತಾನೆ.

ಡೆಬಿಯನ್ ಬಗ್ಗೆ ಕಿಟ್ಟಿ ಅರ್ಧ ಹೇಳಿದರು. ಅಲ್ಲಿ ವಿಭಾಗ ವಿಜ್ಞಾನ ಇರಬಹುದು, ಆದರೆ ಡೆಬಿಯನ್ ಜಿಐಎಸ್ ಅಂತ ಒಂದು ತಂಡವೇ ಇದೆ. ಅವರು ಕೆಲಸದ ಪ್ರಕಾರ ಗುಂಪು ಕಟ್ಟಿದ್ದಾರೆ. ಜಿಪಿಎಸ್‌ಗೆ ಒಂದು, ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಒಂದು, ಉಪಗ್ರಹ ಚಿತ್ರಗಳಂಥ ರಿಮೋಟ್ ಸೆನ್ಸಿಂಗ್‌ಗೆ ಒಂದು, ಹೀಗೆ. ವಿಜ್ಞಾನ ಅಂತ ಬರೆದು ಕೈತೊಳೆದುಕೊಳ್ಳಲಿಲ್ಲ ಅವರು.

ಡೊಂಬಿವಲಿ_ಟೀಚರ್
ಎಲ್ಲರೂ ಕಾಲೇಜಿನವರ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಏಳನೇ ಕ್ಲಾಸಿನ ಮಕ್ಕಳು ‘ಶಿಕ್ಷಣ’ ಬಿಟ್ಟು ಬೇರೆ ವಿಭಾಗ ತೆರೆಯುವುದೇ ಇಲ್ಲ. ‘ಆಟ’ ತೆರೆಯುತ್ತಾರೆ, ಅದು ಬೇರೆ ವಿಷಯ. ಕೆಜಿಯಾಗ್ರಫಿ ಅವರಿಗೆ ಬಹಳ ಇಷ್ಟ. ಖಾಲಿ ನಕ್ಷೆ ಬರುತ್ತದೆ, ಇಂಥ ರಾಜ್ಯ ಎಲ್ಲಿದೆ ಕ್ಲಿಕ್ ಮಾಡು ಅನ್ನುತ್ತದೆ, ರಾಜಧಾನಿ ಕೇಳುತ್ತದೆ. ಛತ್ತೀಸಗಢ ಮತ್ತು ಜಾರ್ಖಂಡ್ ಅದಲು ಬದಲು ಮಾಡದ ಮಗು ಇಲ್ಲ, ಬೆಂಚಿಗೊಂದು ಜಗಳ. ದಯವಿಟ್ಟು ಅದನ್ನು ಶಿಕ್ಷಣದಿಂದ ಕೀಳಬೇಡಿ. ಮಾರ್ಬಲ್ ಕೂಡ.

ಪವಾಯಿ_ಪುಟ್ಟ
ಕೆಜಿಯಾಗ್ರಫಿ ಒಪ್ಪಿದೆ ಮೇಡಂ. ಮಾರ್ಬಲ್ ಒಪ್ಪುವುದಿಲ್ಲ. ಅದು ಪೂರ್ತಿ ಗ್ಲೋಬ್. ದಾರಿ ಹುಡುಕಬಹುದು, ಓಪನ್‌ಸ್ಟ್ರೀಟ್‌ಮ್ಯಾಪ್ ನೋಡಬಹುದು, ಚಂದ್ರನ ನಕ್ಷೆಯೂ ಸಿಗುತ್ತದೆ.

ಡೊಂಬಿವಲಿ_ಟೀಚರ್
ಅದರಲ್ಲೇ 1689ರ ಪ್ರಪಂಚದ ನಕ್ಷೆಯೂ ಇದೆಯಲ್ಲ. ಅದನ್ನು ತೋರಿಸಿ ಇಡೀ ಒಂದು ಪೀರಿಯಡ್ ಪಾಠ ಮಾಡಬಹುದು. ಭೂಗೋಳ ಅನ್ನುವ ಹೆಸರು ನೋಡಿ ಕಾಲೇಜಿನವರದ್ದು ಅಂತ ಮಕ್ಕಳು ದಾಟಿ ಹೋಗುತ್ತಾರೆ. ನನ್ನ ಭಯ ಅದು.

ಇನ್ನೊಂದು ವಿಷಯ. ಈ ಪ್ರೋಗ್ರಾಮುಗಳಲ್ಲಿ ಭಾರತದ ಗಡಿ ಸರಿಯಾಗಿದೆಯಾ ಅಂತ ಯಾರಾದರೂ ನೋಡಿದ್ದೀರಾ? ಮುಖ್ಯೋಪಾಧ್ಯಾಯರು ಮೊದಲು ಕೇಳುವುದೇ ಅದನ್ನು.

ಹಡಪ್ಸರ್_ಹುಡುಗಿ
ಒಳ್ಳೆ ಪ್ರಶ್ನೆ. ಗಡಿ ಇರುವುದು ತಂತ್ರಾಂಶದಲ್ಲಲ್ಲ, ಡೇಟಾದಲ್ಲಿ. ನ್ಯಾಚುರಲ್ ಅರ್ಥ್ ಅನ್ನುವ ಉಚಿತ ಡೇಟಾ ತುಂಬಾ ಕಡೆ ಬಳಕೆಯಲ್ಲಿದೆ. ನೆಲದ ಮೇಲೆ ಯಾರ ಹಿಡಿತ ಇದೆಯೋ ಅದನ್ನೇ ಗಡಿ ಅಂತ ಬರೆಯುವುದು ಅವರ ನಿಯಮ. ಹಾಗಾಗಿ ಕಾಶ್ಮೀರ ನಮ್ಮ ಪಠ್ಯಪುಸ್ತಕದಲ್ಲಿ ಇದ್ದ ಹಾಗೆ ಕಾಣುವುದಿಲ್ಲ. ಅವರೇ ಭಾರತದ ದೃಷ್ಟಿಯ ಗಡಿ ಇರುವ ಬೇರೆ ಕಡತವನ್ನೂ ಕೊಡುತ್ತಾರೆ. ಹೊರಗಡಿ ತಪ್ಪಾದ ನಕ್ಷೆ ಪ್ರಕಟಿಸುವುದು ನಮ್ಮಲ್ಲಿ ಅಪರಾಧ, ಸರ್ವೆ ಆಫ್ ಇಂಡಿಯಾದ ನಕ್ಷೆಯೇ ಆಧಾರ. ಶಾಲೆಗೆ ಕೊಡುವ ಡಿಸ್ಕಿನಲ್ಲಿ ಇದನ್ನು ನೋಡಿಯೇ ಹಾಕಬೇಕು.

ಮಾಟುಂಗಾ_ಮಾಣಿ
ಹಾಗಾದರೆ ಡೇಟಾಗೆ ಬೇರೆ ಜಾಗ ಬೇಕು ಅಂದ ಹಾಗಾಯಿತು. ಪ್ರೋಗ್ರಾಮು ಒಂದು ಕಡೆ, ನಕ್ಷೆಯ ಕಡತಗಳು ಇನ್ನೊಂದು ಕಡೆ.

ನೆರೂಳ್_ನಾಣಿ
ಬೆಳಗಾವಿ ಯಾವ ಕಡೆ ತೋರಿಸುತ್ತಾರೆ ಅದರಲ್ಲಿ? 👀

ಠಾಣೆ_ಸ್ಲೋ
ನಾಣಿ, ದಯವಿಟ್ಟು ಶುರು ಮಾಡಬೇಡ. ಇಲ್ಲಿ ಕೊಲ್ಹಾಪುರದವರೂ ಇದ್ದಾರೆ.

ವಾಸ್ಕೋ_ವಾಸು
ಗೋವಾದಿಂದ ಒಂದು ಮಾತು ರೀ. ನೀವೆಲ್ಲ ನೆಲ ಬಿಟ್ಟು ಕೆಳಗೆ ಇಳಿಯವಲ್ಲಿರಿ. ಓಪನ್‌ಸಿಪಿಎನ್ ಎಲ್ಲಿ ಹಾಕುತ್ತೀರಿ? ಸಮುದ್ರದ ಚಾರ್ಟ್ ತೋರಿಸುತ್ತದೆ, ಜಿಪಿಎಸ್ ಹಚ್ಚಿದರೆ ದೋಣಿ ಎಲ್ಲಿದೆ ತೋರಿಸುತ್ತದೆ, ಎಐಎಸ್ (ಹಡಗುಗಳು ತಾವೆಲ್ಲಿದ್ದೇವೆ ಅಂತ ಸಾರುವ ರೇಡಿಯೋ ಸಂಕೇತ) ರಿಸೀವರ್ ಇದ್ದರೆ ಸುತ್ತಲಿನ ಹಡಗುಗಳೂ ಕಾಣುತ್ತವೆ. ನಾನು ಬಂದರಿನ ಕಡೆ ಕೆಲಸ ಮಾಡುವವನು, ನಮ್ಮ ಹುಡುಗರು ಕಲಿಯೋದಕ್ಕೆ ಬಳಸುತ್ತಾರೆ. ಈಗ ಅದು ‘ಪ್ರಯಾಣ’ ವಿಭಾಗದಲ್ಲಿ ಬಸ್ ಟೈಮ್‌ಟೇಬಲ್ ಪಕ್ಕ ಕೂತಿದೆ. ಬೈನಾದಿಂದ ಹೊರಟ ದೋಣಿಗೂ ಕದಂಬ ಬಸ್ಸಿಗೂ ಏನು ಸಂಬಂಧ ರೀ?

ಕೋಥ್ರೂಡ್_ಕಿಟ್ಟಿ
ಭೂಗೋಳಕ್ಕೆ ತರಬಹುದು. ಚಾರ್ಟ್ ಅಂದರೂ ನಕ್ಷೆಯೇ.

ಠಾಣೆ_ಸ್ಲೋ
ನೋಡಿ, ಶುರುವಾಯಿತು. ನಕ್ಷೆ ತೋರಿಸುವುದೆಲ್ಲ ಭೂಗೋಳ ಅಂದರೆ ವಿಮಾನ ಹಾರಿಸುವ ಫ್ಲೈಟ್‌ಗೇರ್ ಕೂಡ ಬರಬೇಕು. ಅದರಲ್ಲಿ ಇಡೀ ಪ್ರಪಂಚದ ನೆಲ ಇದೆ. ನಕ್ಷತ್ರ ತೋರಿಸುವ ಸ್ಟೆಲ್ಲೇರಿಯಮ್‌ಗೆ ಅಕ್ಷಾಂಶ ರೇಖಾಂಶ ಕೊಡಬೇಕು, ಅದೂ ಬರಲಿ. ಟೈಮ್‌ಜೋನ್ ಕಡತಗಳಿಗೂ ಊರಿನ ಹೆಸರು ಇದೆ, ಅವೂ ಬರಲಿ!

ಪವಾಯಿ_ಪುಟ್ಟ
ಟೈಮ್‌ಜೋನ್ ಡೇಟಾದಲ್ಲಿ ನಿಜವಾಗಿಯೂ ಅಕ್ಷಾಂಶ ರೇಖಾಂಶ ಬರೆದಿರುತ್ತಾರೆ, ಗೊತ್ತಾ. ಏಷ್ಯಾ/ಕೋಲ್ಕತಾ ಸಾಲಿನಲ್ಲಿ 22 ಡಿಗ್ರಿ 32 ನಿಮಿಷ ಉತ್ತರ, 88 ಡಿಗ್ರಿ 22 ನಿಮಿಷ ಪೂರ್ವ.

ನೆರೂಳ್_ನಾಣಿ
ಮುಂಬೈನಲ್ಲಿ ಕೂತು ಕಂಪ್ಯೂಟರಿಗೆ ಕೋಲ್ಕತಾ ಅಂತ ಹೇಳುವುದು ನನಗೆ ಯಾವಾಗಲೂ ಉರಿ.

ಕೋಥ್ರೂಡ್_ಕಿಟ್ಟಿ
ಮುಂಬೈಗೆ ತನ್ನದೇ ಟೈಮ್ ಇತ್ತು ನಾಣಿ. ಬಾಂಬೆ ಟೈಮ್, ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ. ಈಗಿನ ಭಾರತದ ಸಮಯಕ್ಕಿಂತ 39 ನಿಮಿಷ ಹಿಂದೆ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಬಂದ ಮೇಲೂ ಈ ಊರು ಬಿಟ್ಟುಕೊಡಲಿಲ್ಲ, 1955ರವರೆಗೂ ಎಳೆಯಿತು.

ನೆರೂಳ್_ನಾಣಿ
ಈಗಲೂ ಹಾರ್ಬರ್ ಲೈನ್ ಅದೇ ಟೈಮಿನಲ್ಲಿ ಓಡುತ್ತದೆ.

ಮಾಟುಂಗಾ_ಮಾಣಿ
ವಿಷಯಕ್ಕೆ ಬನ್ನಿ ಮಾರಾಯ್ರೆ. ಠಾಣೆ ಅವರ ಪ್ರಶ್ನೆ ಸರಿಯಾದದ್ದೇ. ಗೆರೆ ಎಲ್ಲಿ ಎಳೆಯೋದು?

ಹಡಪ್ಸರ್_ಹುಡುಗಿ
ನನ್ನ ಗೆರೆ ಇದು: ಸ್ಥಳದ ಮಾಹಿತಿಯೇ ಆ ಪ್ರೋಗ್ರಾಮಿನ ಮುಖ್ಯ ಕೆಲಸವಾ ಅಥವಾ ಪಕ್ಕದ ಸಾಮಗ್ರಿಯಾ? ಫ್ಲೈಟ್‌ಗೇರ್‌ನಲ್ಲಿ ನೆಲ ಇದೆ, ಆದರೆ ಜನ ಬರುವುದು ಹಾರೋದಕ್ಕೆ. ಅದು ಆಟ. ಸ್ಟೆಲ್ಲೇರಿಯಮ್ ಆಕಾಶ ನೋಡೋದಕ್ಕೆ. ಟೈಮ್‌ಜೋನ್ ಗಡಿಯಾರಕ್ಕೆ. ಕ್ಯೂಜಿಐಎಸ್‌ನಿಂದ ಸ್ಥಳ ತೆಗೆದರೆ ಏನೂ ಉಳಿಯುವುದಿಲ್ಲ. ಓಪನ್‌ಸಿಪಿಎನ್‌ಗೂ ಅದೇ ಮಾತು.

ಠಾಣೆ_ಸ್ಲೋ
ಕೇಳೋದಕ್ಕೆ ಚೆನ್ನಾಗಿದೆ. ಜಿಪಿಎಸ್‌ಡಿಯಿಂದ ಸ್ಥಳ ತೆಗೆದರೆ ಸಮಯ ಉಳಿಯುತ್ತದೆ. ಎಷ್ಟೋ ಜನ ಅದನ್ನು ಸರ್ವರ್ ಗಡಿಯಾರ ಸರಿಪಡಿಸೋದಕ್ಕೇ ಹಾಕಿರುತ್ತಾರೆ. ಈಗ ಹೇಳಿ.

ಪವಾಯಿ_ಪುಟ್ಟ
ಜಿಪಿಎಸ್‌ಡಿಗೆ ಕಿಟಕಿಯೇ ಇಲ್ಲ, ಹಿಂದೆ ಕೂತು 2947 ಪೋರ್ಟ್‌ನಲ್ಲಿ ಬೇರೆ ಪ್ರೋಗ್ರಾಮುಗಳಿಗೆ ಉತ್ತರ ಕೊಡುತ್ತದೆ ಅಷ್ಟೇ. ಅದನ್ನು ಪಟ್ಟಿಯಲ್ಲಿ ತೋರಿಸುವ ಅಗತ್ಯ ಏನು? ಬೇಕಾದವನಿಗೆ ಹೆಸರು ಗೊತ್ತಿರುತ್ತದೆ.

ಜಿಡಿಎಎಲ್, ಪ್ರಾಜ್, ಆಕಾರಗಳ ಲೆಕ್ಕ ಹಾಕುವ ಜಿಯೋಸ್ ಕೂಡ ಹಾಗೇ. ಕ್ಯೂಜಿಐಎಸ್ ಹಾಕಿದರೆ ಜೊತೆಗೆ ತಾವಾಗಿ ಬರುತ್ತವೆ. ಜೆಂಟೂದವರು ಲೈಬ್ರರಿ ಬೇರೆ ಇಟ್ಟದ್ದು ಸುಮ್ನೆ ಅಲ್ಲ.

ಹಡಪ್ಸರ್_ಹುಡುಗಿ
ಪ್ರಾಜ್, ಜಿಯೋಸ್ ಸರಿ. ಜಿಡಿಎಎಲ್ ಮುಚ್ಚಿಡಬೇಡಿ! ಅದರ ಜೊತೆ ಬರುವ ಕಮಾಂಡುಗಳು ನನ್ನ ಅರ್ಧ ಹೊಟ್ಟೆಪಾಡು. ಫಾರ್ಮ್ಯಾಟ್ ಬದಲಿಸುವುದು, ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ರೀತಿ) ಬದಲಿಸುವುದು ಎಲ್ಲ ಒಂದೇ ಸಾಲಿನಲ್ಲಿ.

ಸಂದರ್ಭ ಬಂದಿದೆ, ಹೇಳಿಬಿಡುತ್ತೇನೆ. ಶೇಪ್‌ಫೈಲ್ ಅನ್ನುವ ನಕ್ಷೆ ಕಡತ ಬಳಸುವ ಕನ್ನಡದವರಿಗೆಲ್ಲ ಗೊತ್ತಿರಬೇಕಾದದ್ದು. ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ಹಳ್ಳಿಗಳ ಪಟ್ಟಿಯನ್ನು ಕನ್ನಡದಲ್ಲಿ ತುಂಬಿಸಿ ಶೇಪ್‌ಫೈಲ್ ಮಾಡಿ ಕಳಿಸಿದರು. ಆ ಕಡೆ ತೆರೆದರೆ ಎಲ್ಲ ಪ್ರಶ್ನಾರ್ಥಕ ಚಿಹ್ನೆ. ಶೇಪ್‌ಫೈಲ್ ಅಂದರೆ ಒಂದು ಕಡತ ಅಲ್ಲ, ಒಂದು ಗುಂಪು. ಅಕ್ಷರಗಳು ಕೂತಿರುವುದು ಡಿಬಿಎಫ್‌ನಲ್ಲಿ, ಅದರ ಎನ್‌ಕೋಡಿಂಗ್ (ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುವ ರೀತಿ) ಏನು ಅಂತ ಹೇಳುವುದು ಸಿಪಿಜಿ ಅನ್ನುವ ಚಿಕ್ಕ ಕಡತ. ಅದನ್ನು ಯಾರೋ ಕಸ ಅಂದುಕೊಂಡು ಬಿಟ್ಟು ಜಿಪ್ ಮಾಡಿದ್ದರು. ಇನ್ನೂ ಇದೆ. ಕಾಲಂ ಹೆಸರಿಗೆ ಹತ್ತೇ ಬೈಟ್ ಜಾಗ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಜಿಲ್ಲೆ’ ಅಂತ ಬರೆದರೆ ಒತ್ತು, ಗುಣಿತ ಎಲ್ಲ ಸೇರಿ 18 ಬೈಟ್ ಆಗುತ್ತದೆ. ಹಿಡಿಸುವುದೇ ಇಲ್ಲ! ಜಿಯೋಪ್ಯಾಕೇಜ್ ಅನ್ನುವ ಇನ್ನೊಂದು ಬಗೆಯ ಕಡತದಲ್ಲಿ ಉಳಿಸಿ, ಈ ಕಾಟ ಯಾವುದೂ ಇಲ್ಲ. ಜಿಡಿಎಎಲ್‌ನ ಒಂದು ಕಮಾಂಡಿನಲ್ಲಿ ಬದಲಾಗುತ್ತದೆ.

ಡೊಂಬಿವಲಿ_ಟೀಚರ್
ಅಬ್ಬಾ. ನಮ್ಮ ಶಾಲೆಯ ನಕ್ಷೆಯಲ್ಲಿ ಹೆಸರೆಲ್ಲ ಚೌಕ ಚೌಕ ಬಂದದ್ದು ಇದಕ್ಕೇನಾ?

ಹಡಪ್ಸರ್_ಹುಡುಗಿ
ಚೌಕ ಬಂದರೆ ಫಾಂಟ್ ಇಲ್ಲ ಅಂತ. ಪ್ರಶ್ನಾರ್ಥಕ ಅಥವಾ ವಿಚಿತ್ರ ಅಕ್ಷರ ಬಂದರೆ ಎನ್‌ಕೋಡಿಂಗ್. ಮೊದಲು ಒಂದು ಕನ್ನಡ ಫಾಂಟ್ ಹಾಕಿ ನೋಡಿ ಮೇಡಂ.

ವಾಸ್ಕೋ_ವಾಸು
ಇಂಥವನ್ನೆಲ್ಲ ಡಿಸ್ಕಿನಲ್ಲೇ ಬರೆದು ಹಾಕಿದರೆ ಬರೋಬ್ಬರಿ ಆಗುತ್ತದೆ. ಪ್ರೊಜೆಕ್ಷನ್ ಬಗ್ಗೆಯೂ ಎರಡು ಸಾಲು ಇರಲಿ. ನಮ್ಮ ಹುಡುಗರು ಮೀಟರಿನಲ್ಲಿ ಅಳೆಯುವುದನ್ನು ಡಿಗ್ರಿಯಲ್ಲಿ ಅಳೆದು ಕೂರುತ್ತಾರೆ.

ಪವಾಯಿ_ಪುಟ್ಟ
ಅದು ಸುಲಭ. ಮುಂಬೈ, ಪುಣೆ, ಗೋವಾ ಮೂರೂ ಯುಟಿಎಂ (ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) 43ನೇ ವಲಯದಲ್ಲಿವೆ. ಅದರ ಸಂಕೇತ ಸಂಖ್ಯೆ ಇಪಿಎಸ್‌ಜಿ 32643 ಅಂತ ಹಾಕಿದರೆ ಮೀಟರಿನಲ್ಲಿ ಸಿಗುತ್ತದೆ. ಆ ವಲಯ 72ರಿಂದ 78 ಡಿಗ್ರಿ ರೇಖಾಂಶದವರೆಗೆ. ಬೆಂಗಳೂರೂ ಅದರಲ್ಲೇ ಬರುತ್ತದೆ. ಕೋಲಾರ 78 ಡಿಗ್ರಿ ದಾಟಿ 44ನೇ ವಲಯಕ್ಕೆ ಹೋಗುತ್ತದೆ, ಕರ್ನಾಟಕ ಪೂರ್ತಿ ಮಾಡುವವರು ನೋಡಿಕೊಳ್ಳಬೇಕು.

ಕೋಥ್ರೂಡ್_ಕಿಟ್ಟಿ
ಮತ್ತೆ ವಿಭಾಗಕ್ಕೆ ಬರೋಣ. ಒಂದೇ ಜಾಗ ಅಂತ ಹಟ ಹಿಡಿದಿರುವುದೇ ಸಮಸ್ಯೆ. ಇಂಗು ಮಸಾಲೆಯಾ ಔಷಧಿಯಾ ಅಂತ ಅಂಗಡಿಯವನು ಜಗಳ ಆಡುವುದಿಲ್ಲ, ಎರಡೂ ಕಡೆ ಒಂದೊಂದು ಡಬ್ಬಿ ಇಡುತ್ತಾನೆ. ಲಿನಕ್ಸ್ ಮೆನುಗಳ ಫ್ರೀಡೆಸ್ಕ್‌ಟಾಪ್ ನಿಯಮವೂ ಅದನ್ನೇ ಹೇಳುತ್ತದೆ. ಅಲ್ಲಿ ಭೂಗೋಳ ಬೇರೆ, ನಕ್ಷೆ ಬೇರೆ, ಎರಡೂ ಹೆಚ್ಚುವರಿ ವಿಭಾಗಗಳು. ಶಿಕ್ಷಣ ಅಥವಾ ವಿಜ್ಞಾನದ ಜೊತೆ ಸೇರಿ ಬರುತ್ತವೆ. ಕಡತ ಒಂದೇ ಕಡೆ ಇರಲಿ, ಪಟ್ಟಿಯಲ್ಲಿ ಎರಡು ಕಡೆ ಕಾಣಿಸಲಿ.

ಠಾಣೆ_ಸ್ಲೋ
ಎರಡು ಕಡೆಗೆ ಮಿತಿ ಹಾಕುವುದಾದರೆ ಒಪ್ಪುತ್ತೇನೆ. ಬೇಕಾದಷ್ಟು ಅಂದರೆ ಪ್ರತಿಯೊಬ್ಬ ತನ್ನ ಪ್ರೀತಿಯ ಪ್ರೋಗ್ರಾಮನ್ನು ಎಂಟು ಕಡೆ ಹಾಕುತ್ತಾನೆ. ಹಿಂದೆ ಆಗಿದೆ ಇದು.

ಮಾಟುಂಗಾ_ಮಾಣಿ
ಸರಿ, ಹೀಗೆ ಮಾಡುತ್ತೇನೆ. ‘ಭೂಗೋಳ’ ವಿಭಾಗ ತೆರೆಯುತ್ತದೆ. ಕ್ಯೂಜಿಐಎಸ್, ಗ್ರಾಸ್, ಜೆಒಎಸ್‌ಎಂ, ಜಿಪಿಎಸ್‌ಬೇಬೆಲ್, ಓಪನ್‌ಸಿಪಿಎನ್ ಅಲ್ಲಿಗೆ. ಮಾರ್ಬಲ್ ಮನೆ ಭೂಗೋಳ, ಶಿಕ್ಷಣದಲ್ಲೂ ಕಾಣುತ್ತದೆ. ಕೆಜಿಯಾಗ್ರಫಿ ಮನೆ ಶಿಕ್ಷಣ, ಭೂಗೋಳದಲ್ಲೂ ಕಾಣುತ್ತದೆ. ಪೋಸ್ಟ್‌ಜಿಐಎಸ್ ಡೇಟಾಬೇಸಿನಲ್ಲೇ ಇದ್ದು ಇಲ್ಲಿ ಇಣುಕುತ್ತದೆ. ಒಂದಕ್ಕೆ ಹೆಚ್ಚೆಂದರೆ ಎರಡು ಕಡೆ. ಪ್ರಾಜ್, ಜಿಯೋಸ್, ಜಿಪಿಎಸ್‌ಡಿ ಪಟ್ಟಿಯಲ್ಲಿ ಕಾಣುವುದಿಲ್ಲ, ಹುಡುಕಿದರೆ ಸಿಗುತ್ತವೆ. ಜಿಡಿಎಎಲ್ ಕಾಣುತ್ತದೆ, ಇಲ್ಲದಿದ್ದರೆ ಹಡಪ್ಸರ್‌ನವರು ಡೆಕ್ಕನ್ ಕ್ವೀನ್ ಹತ್ತಿ ಬಂದು ಹೊಡೆಯುತ್ತಾರೆ. ಗಡಿ, ನದಿ, ಜಿಲ್ಲೆಗಳ ಕಡತಕ್ಕೆ ಒಳಗೆ ‘ಡೇಟಾ’ ಅಂತ ಬೇರೆ ಫೋಲ್ಡರ್. ಗಡಿ ನೋಡಿ ಒಪ್ಪಿಗೆ ಕೊಡುವುದು ಟೀಚರ್ ಕೆಲಸ.

ಡೊಂಬಿವಲಿ_ಟೀಚರ್
ಆಗಲಿ. ಸರ್ವೆ ಆಫ್ ಇಂಡಿಯಾ ನಕ್ಷೆ ಪಕ್ಕದಲ್ಲಿಟ್ಟುಕೊಂಡು ನೋಡುತ್ತೇನೆ. ಪರೀಕ್ಷೆ ಮುಗಿಯಲಿ.

ಠಾಣೆ_ಸ್ಲೋ
ಜಿಪಿಎಸ್‌ಡಿಯನ್ನು ಮುಚ್ಚಿಡುವುದಕ್ಕೆ ನನ್ನ ವಿರೋಧ ಇದೆ, ಬರೆದಿಟ್ಟುಕೊಳ್ಳಿ. ‘ನೆಟ್‌ವರ್ಕ್’ನಲ್ಲಿ ತೋರಿಸಿ.

ಪವಾಯಿ_ಪುಟ್ಟ
ಒಂದು ಗಂಟೆ ಹಿಂದೆ ಭೂಗೋಳವೇ ಬೇಡ ಅನ್ನುತ್ತಿದ್ದಿರಿ 😄

ಠಾಣೆ_ಸ್ಲೋ
ಭೂಗೋಳ ಈಗಲೂ ಬೇಡ. ಹೇಗೂ ತೆರೆಯುತ್ತೀರಿ ಅಂದ ಮೇಲೆ ನೆಟ್ಟಗೆ ಮಾಡಿ ಅಂತ ಹೇಳಿದೆ.

ವಾಸ್ಕೋ_ವಾಸು
ಓಪನ್‌ಸಿಪಿಎನ್ ವಿವರಣೆ ನಾನು ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ಚಾರ್ಟ್ ಬೇರೆ ತರಿಸಿಕೊಳ್ಳಬೇಕು, ಹಾಕಿದ ಕೂಡಲೇ ಬರೀ ದಪ್ಪ ದಂಡೆ ಕಾಣುತ್ತದೆ ಅಂತಲೂ ಬರೆಯುತ್ತೇನೆ. ಇಲ್ಲದಿದ್ದರೆ ಕೆಟ್ಟಿದೆ ಅಂತ ಫೋನ್ ಬರುತ್ತದೆ.

ಹಡಪ್ಸರ್_ಹುಡುಗಿ
ಜೆಒಎಸ್‌ಎಂ ವಿವರಣೆ ನನಗೆ ಬಿಡಿ. ಅದಕ್ಕೆ ಜಾವಾ ಬೇಕು, ಆ ಕಡತವೂ ಡಿಸ್ಕಿನಲ್ಲಿ ಪಕ್ಕದಲ್ಲೇ ಇರಲಿ ಮಾಣಿ. ಹೋದ ಸಲ ಇರಲಿಲ್ಲ.